ಕ್ವಿಡೊ ಊರು ತೋರಿಸಿದ್ದು

ಕ್ಷೌರಿಕ ಕ್ವಿಡೊ ಬಾರ್ತು ಮಾಡಿದ ತಪ್ಪು ಒಂದೇ. ಶನಿವಾರ ದ್ರಾಹೊಮೀರಾಳ ಬೇಕರಿಯಲ್ಲಿ ನಿಂತು, "ತೆಲ್ಚ್ ಊರಿನ ಒಂದೊಂದು ಕಲ್ಲೂ ನಂಗೊತ್ತು" ಅಂದುಬಿಟ್ಟ.

"ಒಳ್ಳೇದಾಯ್ತು ಕ್ವಿಡೊ ಅವರೇ. ನಾಳೆ ಒಸ್ತ್ರವಾದಿಂದ ನಮ್ಮಣ್ಣ ಬರ್ತಾನೆ. ನೀವೇ ಊರು ತೋರಿಸಿ. ಅವನು ಸುಲಭಕ್ಕೆ ಯಾರನ್ನೂ ಮೆಚ್ಚೋನಲ್ಲ, ನೋಡಿ" ಎಂದಳು ದ್ರಾಹೊಮೀರಾ.

ವಿಧವೆ ದ್ರಾಹೊಮೀರಾಳನ್ನು ಮದುವೆಯಾಗಬೇಕೆಂದು ಕ್ವಿಡೊ ಎರಡು ವರ್ಷದಿಂದ ಅವಳ ಗಸಗಸೆ ಕೇಕು ತಿನ್ನುತ್ತಿದ್ದ. "ಇನ್ನೊಂದು ಕೊಡಿ" ಎಂಬುದರಾಚೆ ಮಾತು ಹೊರಟಿರಲಿಲ್ಲ. ಅಣ್ಣ ಮೆಚ್ಚಿದರೆ ಅರ್ಧ ಕೆಲಸ ಆದಂತೆ. ಆದರೆ ಐವತ್ತು ವರ್ಷ ಊರಿನ ಚೌಕದಲ್ಲೇ ಬದುಕಿದವನು ಅಲ್ಲಿನ ಅರಮನೆಯ ಹೊಸ್ತಿಲು ಕೂಡ ದಾಟಿರಲಿಲ್ಲ.

ಭಾನುವಾರ ಬಂದಿಳಿದ ಅಣ್ಣ ಹಿನೆಕ್ ಗಣಿಯಲ್ಲಿ ದುಡಿದು ನಿವೃತ್ತನಾದವನು. ಬೀರುವಿನಂಥ ಮೈ, ಬೀಗ ಹಾಕಿದ ಬೀರುವಿನಂಥ ಮುಖ. ಪ್ರವಾಸಿಗರ ಗುಂಪಿನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆಯುತ್ತ, ಗೈಡ್ ಹೇಳಿದ್ದನ್ನೇ ತಿರುಗಿ ಹೇಳುವುದು ಕ್ವಿಡೊನ ಉಪಾಯ. ಆದರೆ ಗೈಡಮ್ಮ ಅಂದು ಮಾತಾಡಿದ್ದು ಅವನಿಗೆ ಒಂದಕ್ಷರವೂ ಬಾರದ ಜರ್ಮನ್.

ಅವಳು ಹಳದಿ ಮನೆಯತ್ತ ಕೈ ತೋರಿಸಿದಳು. "ಏನಂತೆ?" ಎಂದ ಹಿನೆಕ್.

ಕ್ವಿಡೊನ ತಲೆಯಲ್ಲಿದ್ದದ್ದು ಗಿರಾಕಿಗಳು ಗಡ್ಡದ ನೊರೆಯ ನಡುವೆ ಬಾಯಿಬಿಟ್ಟ ಗುಟ್ಟುಗಳು ಮಾತ್ರ. ಬೇರೆ ದಾರಿಯಿಲ್ಲದೆ ಅವನ್ನೇ ನಾನೂರು ವರ್ಷ ಹಿಂದಕ್ಕೆ ತಳ್ಳಿದ.

"ಇಲ್ಲೊಬ್ಬ ಸರದಾರ ಇದ್ದ. ಪ್ರತಿ ಗುರುವಾರ ಮೀನು ಹಿಡಿಯೋಕೆ ಅಂತ ಹೆಂಡತಿಗೆ ಹೇಳಿ ಇನ್ನೊಬ್ಬಳ ಮನೆಗೆ ಹೋಗೋನು. ಬರ್ತಾ ಅಂಗಡೀಲಿ ಮೀನು ಕೊಂಡು ತರೋನು."

ಹಿನೆಕ್‌ನ ತುಟಿ ಅಲುಗಿತು. "ಆಮೇಲೆ?"

ಮೇಲಿನ ಕಿಟಕಿ ಧಡ್ಡನೆ ತೆರೆಯಿತು. ಮಾಂಸದಂಗಡಿಯ ಮಾರೆಶ್ ತಲೆ ಹೊರಹಾಕಿದ. "ಲೋ ಕ್ವಿಡೊ! ನಾನು ನಿನಗೆ ಹೇಳಿದ್ದು ಬುಧವಾರ ಕಣೋ!"

"ಏನ್ರೀ ಅದು ಬುಧವಾರ?" ಒಳಗಿನಿಂದ ಹೆಂಡತಿಯ ದನಿ. ಕಿಟಕಿ ಮುಚ್ಚಿತು. ಪಿಂಗಾಣಿ ಒಡೆದ ಸದ್ದಾಯಿತು.

"ಈ ಊರೋರಿಗೆ ಇತಿಹಾಸ ಅಂದ್ರೆ ಎಷ್ಟು ಆಸಕ್ತಿ!" ಎಂದ ಹಿನೆಕ್.

ಗುಲಾಬಿ ಮನೆಯ ಮುಂದೆ ಕ್ವಿಡೊ, "ಇಲ್ಲಿದ್ದ ಸಾಮಂತನ ತಲೇಲಿ ಒಂದೂ ಕೂದಲಿರಲಿಲ್ಲ, ಟೋಪನ್ನ ವಿಯೆನ್ನಾದಿಂದ ತರಿಸ್ತಿದ್ದ" ಎಂದ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಹೆಡ್‌ಮಾಸ್ಟರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಎದ್ದರು.

ಕಾರಂಜಿ ತಲುಪುವಷ್ಟರಲ್ಲಿ ಮಾರೆಶ್, ಅವನ ಹೆಂಡತಿ, ಹೆಡ್‌ಮಾಸ್ಟರು ಮೆರವಣಿಗೆಯಂತೆ ಹಿಂದೆ ಬರುತ್ತಿದ್ದರು. ಕ್ವಿಡೊ ಗಾಬರಿಯಲ್ಲಿ ಎರಡು ಸೈಕಲ್ ಬಾಡಿಗೆ ಹಿಡಿದು, "ಕಾಡೊಳಗಿನ ರೋಷ್ಟೇನ್ ಕೋಟೆ ನೋಡ್ಲೇಬೇಕು" ಎಂದು ಹೊರಟ. ಹೆಡ್‌ಮಾಸ್ಟರೂ ಸೈಕಲ್ ಹತ್ತಿದರು. ಕೆರೆ ಏರಿಯ ಮೇಲೆ ಗಾಳಿ ಬೀಸಿ ಅವರ ಟೋಪನ್ ಹಾರಿ ನೀರಿಗೆ ಬಿತ್ತು. ಬಾತುಕೋಳಿಯೊಂದು ಅದರ ಜೊತೆ ಜಗಳಕ್ಕಿಳಿಯಿತು. ಹಿನೆಕ್ ನಕ್ಕು ನಕ್ಕು ಸೈಕಲ್ಲಿನಿಂದ ಬಿದ್ದೇಬಿಟ್ಟ.

ಕೋಟೆಯ ಬಾಗಿಲಲ್ಲಿ ಕ್ವಿಡೊ ಏದುಸಿರು ಬಿಡುತ್ತ ನಿಜ ಹೇಳಿದ. "ಇಲ್ಲಿ ವಾಸ ಇದ್ದೋರು ಯಾರೂ ನಂಗೊತ್ತಿಲ್ಲ."

"ಹಾಗಾದ್ರೆ ಬರೀ ಕಲ್ಲು," ಎಂದ ಹಿನೆಕ್. "ಬಾರಯ್ಯಾ, ಊರಿಗೇ ಹೋಗೋಣ."

ಸಂಜೆ ಬೇಕರಿಯಲ್ಲಿ ದ್ರಾಹೊಮೀರಾ ಎರಡೂ ಕೈಯಿಂದ ಕ್ವಿಡೊನ ಕೈ ಹಿಡಿದಳು.

"ಅಣ್ಣ ಇಷ್ಟು ನಕ್ಕಿದ್ದು ನಾನು ನೋಡೇ ಇಲ್ಲ. ನಿಮ್ಮನ್ನ ತುಂಬಾ ಮೆಚ್ಕೊಂಡಿದಾನೆ. ಇನ್ನು ಒಸ್ತ್ರವಾಗೆ ಹೋಗೋಲ್ವಂತೆ. ಮೇಲಿನ ಕೋಣೇಲಿ ಇಲ್ಲೇ ಇರ್ತಾನಂತೆ." ಅವಳು ತಲೆ ತಗ್ಗಿಸಿದಳು. "ನೀವಂತೂ ಬಾಯಿ ಬಿಡೋರಲ್ಲ. ನಾನೇ ಇವತ್ತು ಧೈರ್ಯ ಮಾಡಿ, ಮದುವೆಯಾಗಿ ಇಲ್ಲೇ ಇದ್ಬಿಡಿ ಅಂತ ಕೇಳೋಣಾಂತಿದ್ದೆ. ಇರೋದು ಎರಡೇ ಕೋಣೆ, ನಂದು ಒಬ್ಬರಿಗೇ ಸಾಲೋಲ್ಲ. ಇನ್ನು ಜಾಗ ಎಲ್ಲಿದೆ ಹೇಳಿ?"

ಕ್ವಿಡೊ ಬಾಯಿ ತೆರೆದ. ಬಂದದ್ದು, "ಇನ್ನೊಂದು ಕೇಕು ಕೊಡಿ."

ಹಿನೆಕ್ ಅವನ ಬೆನ್ನಿಗೊಂದು ಗುದ್ದಿದ. "ಮುಂದಿನ ಭಾನುವಾರ ಎಷ್ಟು ಗಂಟೆಗೆ ಹೊರಡೋಣ?"

"ಯಾವಾಗ ಬೇಕಾದ್ರೂ ಹೊರಡಲಿ," ಎಂದ ಆಗಷ್ಟೇ ಒಳಬಂದ ಮಾರೆಶ್, ಹಣೆಯ ಬುಗುಟು ಒತ್ತಿಕೊಳ್ಳುತ್ತ. "ಅವನಿಗಿನ್ನೇನು ಕೆಲಸ? ನಾಳೆಯಿಂದ ಈ ಊರಲ್ಲಿ ಎಲ್ಲರೂ ಗಡ್ಡ ಮನೇಲೇ ಬೋಳಿಸ್ಕೋತಾರೆ."