ಕೋಳಿಗೂಡಿಗೆ ಎರಡು ಹೊತ್ತು ಜಳಕ

ಪ್ರತಿ ಮನೆಗೂ ಅದರದೇ ಒಂದು ವಾಸನೆ ಇರುತ್ತದೆ. ಅದು ಆ ಮನೆಯವರನ್ನು ಬಿಟ್ಟು ಓಣಿಗೆಲ್ಲ ಗೊತ್ತಿರುತ್ತದೆ. ಅನಗೋಳದ ನಮ್ಮ ಮನೆಯದು ವಿಭೂತಿ ಮತ್ತು ಶೇಂಗಾ ಚಟ್ನಿಯ ವಾಸನೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಚೆಗೆ ಅದು ಬದಲಾಯಿತು, ಬದಲಾದದ್ದು ಎಲ್ಲರಿಗಿಂತ ಕಡೆಗೆ ಗೊತ್ತಾದದ್ದು ನನಗೆ. ಖಾನಾಪುರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವಳು ನಾನು. ಪ್ರಯೋಗಾಲಯದ ಬಾಟಲಿಗಳನ್ನು ಮೂಸಿ ಮೂಸಿ ನನ್ನ ಮೂಗು ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತ್ತು. ಆದರೂ ತಪ್ಪನ್ನೆಲ್ಲ ಪಾಪದ ಮೂಗಿನ ಮೇಲೆ ಹಾಕಿದರೆ ಸುಳ್ಳಾದೀತು.

ನಿವೃತ್ತಿಯ ದಿನ ಶಾಲೆಯಲ್ಲಿ ಶಾಲು ಹೊದಿಸಿದರು, ನನ್ನ ಬಗ್ಗೆ ನನಗೇ ಗೊತ್ತಿರದ ಒಳ್ಳೆಯ ಮಾತುಗಳನ್ನು ಆಡಿದರು. ಎಲ್ಲ ಮುಗಿದು ಸ್ಟೇಷನ್ನಿಗೆ ಹೊರಟಾಗ ಶೇವಂತಾಬಾಯಿ ಅಡ್ಡ ಬಂದಳು. ಶಾಲೆಯ ಗಂಟೆ ಬಾರಿಸುವವಳೂ ಪ್ರಯೋಗಾಲಯ ಗುಡಿಸುವವಳೂ ಅವಳೇ. ಕೈಯಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ನಾಲ್ಕು ಎಳೆಯ ಕೋಳಿ.

“ಏ ಶೇವಂತಾ, ನಾವು ಲಿಂಗವಂತರವಾ. ತತ್ತೀನೂ ಮುಟ್ಟಂಗಿಲ್ಲ,” ಎಂದೆ.

“ತಿನ್ನರಿ ಅಂತ ಯಾರ ಹೇಳ್ಯಾರ್ರೀ ಅಕ್ಕೋರ? ನಾಳಿಂದ ನೀವು ಯಾರ ಮ್ಯಾಲ ಸಿಟ್ಟ ಮಾಡವ್ರು? ಇವುರ ಮ್ಯಾಲ ಮಾಡ್ರಿ.”

ನಮ್ಮ ಕಡೆ ಶಿಕ್ಷಕಿಯರೆಲ್ಲ ಅಕ್ಕೋರು. ಆ ಹೆಸರು ಹಿಡಿದು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವ ಧೈರ್ಯ ನನಗಿನ್ನೂ ಬಂದಿಲ್ಲ. ಹೀಗೆ ಕೋಳಿಗಳು ರೈಲು ಹತ್ತಿ ನಮ್ಮ ಹಿತ್ತಲಿಗೆ ಬಂದವು. ತತ್ತಿ ಇಡತೊಡಗಿದ ಮೇಲೆ ತತ್ತಿಯೆಲ್ಲ ಬಾಜು ಮನೆಯ ಸುಲೋಚನಾ ವೈನಿಯ ಪಾಲು. ನನಗೆ ಬೇಕಾದದ್ದು ಬೇರೆಯೇ ಇತ್ತು. ಶಾಲೆ ಬಿಟ್ಟ ಮೇಲೆ ಮುಂಜಾನೆ ಎಂಟೂವರೆಗೆ ಏನು ಮಾಡಬೇಕೋ ತಿಳಿಯದೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದೆ. ಈಗ ಗೂಡಿನ ಬಾಗಿಲು ತೆಗೆದರೆ ನಾಲ್ಕೂ ಒಮ್ಮೆಲೇ ಎದ್ದು ನಿಲ್ಲುತ್ತಿದ್ದವು. ನನ್ನನ್ನು ಕಂಡು ಎದ್ದು ನಿಲ್ಲುವವರು ಈ ಭೂಮಿಯ ಮೇಲೆ ಇನ್ನೂ ನಾಲ್ಕು ಜನ ಇದ್ದಾರಲ್ಲ ಎಂದು ಖರೇನೇ ಕಣ್ಣು ತುಂಬುತ್ತಿತ್ತು.

ಇನ್ನು ಸ್ವಚ್ಛತೆಯ ಮಾತು. ಹೊಲಸು ಕಂಡಲ್ಲಿ ನೀರು ಸುರಿಯಬೇಕು, ಇದು ನಮ್ಮ ತವರಿನ ಏಕೈಕ ಸಿದ್ಧಾಂತ. ನಮ್ಮವ್ವ ದನದ ಕೊಟ್ಟಿಗೆಯನ್ನು ದಿನಾ ತೊಳೆಯುತ್ತಿದ್ದಳು, ಅಂಗಳ ತೊಳೆಯುತ್ತಿದ್ದಳು, ಯಾರಾದರೂ ಕಟ್ಟೆಯ ಮೇಲೆ ಕುಳಿತು ಎದ್ದರೆ ಕಟ್ಟೆ ತೊಳೆಯುತ್ತಿದ್ದಳು. ನಾನು ಹಾಲಿನ ಪಾಕೀಟನ್ನೂ ತೊಳೆದೇ ಒಳಗೆ ತರುವವಳು. ಅಂದಮೇಲೆ ಕೋಳಿಗೂಡನ್ನು ಬಿಡುತ್ತೇನೆಯೇ? ಮುಂಜಾನೆ ನಾಲ್ಕು ಕೊಡ, ಸಂಜೆ ನಾಲ್ಕು ಕೊಡ. ಕೋಳಿಗಳು ಒಂದೊಂದೇ ಕಾಲೆತ್ತಿ ಹಸಿ ನೆಲದ ಮೇಲೆ ನಿಲ್ಲುತ್ತಿದ್ದವು. ಶಿಸ್ತು ಕಲಿತವು ಎಂದು ನಾನು ಹಿಗ್ಗುತ್ತಿದ್ದೆ.

ಮಳೆಗಾಲ ಶುರುವಾಗಿ ಹದಿನೈದು ದಿನಕ್ಕೆ ವೈನಿ ಗೋಡೆಯ ಆಚೆಯಿಂದ ಮುಖ ತೋರಿಸಿದರು, ಮುಖದ ಅರ್ಧಭಾಗ ಸೆರಗಿನಲ್ಲಿತ್ತು. “ತತ್ತಿ ಭಾಳ ಚಲೋ ಅದಾವ್ರಿ ಅಕ್ಕೋರ. ಆದ್ರ ನಮ್ಮ ಅಡಗಿಮನಿ ಖಿಡಕಿ ತಗ್ಯಾಕ ಬರವಲ್ದು ನೋಡ್ರಿ.” ನನಗೆ ನಾಚಿಕೆಯಾಯಿತು. ನೀರನ್ನು ಹೊತ್ತಿಗೆ ಎಂಟು ಕೊಡಕ್ಕೆ ಏರಿಸಿದೆ. ಫಿನಾಯಿಲ್ ಹಾಕಿದೆ, ಲೋಬಾನದ ಹೊಗೆ ಹಾಕಿದೆ. ವಾಸನೆ ವೈನಿಯ ಕಡೆ ಹೋಗದಿರಲೆಂದು ಗೂಡಿನ ಸುತ್ತ ತಾಡಪತ್ರಿ ಬಿಗಿದೆ. ಮೊದಲು ಒಂದು ವಾಸನೆ ಇತ್ತು, ಈಗ ಮೂರಾದವು.

“ಅಲ್ಲ, ಕೋಳಿಗೂಡಿಗೂ ಎರಡ ಹೊತ್ತ ಜಳಕಾ ಮಾಡಸಾಕತ್ತೀಯಲ್ಲ,” ಎಂದರು ನಮ್ಮ ಯಜಮಾನರು. ಅವರು ಹೆಚ್ಚು ಮಾತಾಡುವವರಲ್ಲ, ಆಡಿದರೆ ತೀರ್ಪು ಕೊಟ್ಟೇ ನಿಲ್ಲಿಸುವವರು. “ಬರೂ ಸೋಮವಾರ ವಚನದ ಬಳಗದವ್ರು ನಮ್ಮ ಮನಿಗೆ ಬರ್ತಾರ. ಅಷ್ಟರಾಗ ವಾಸನಿ ಹೋಗಬೇಕು, ಇಲ್ಲಂದ್ರ ಕೋಳಿ ಹೋಗಬೇಕು. ಯಾವುದನ್ನ ಕಳಸ್ತಿ ನೀನ ನೋಡು.”

ಓಣಿಯ ಹೆಣ್ಣುಮಕ್ಕಳೆಲ್ಲ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಕುಳಿತಾಗ ಹಿತ್ತಲಿನಿಂದ ಆ ಗಾಳಿ ಬೀಸುವುದನ್ನು ನೆನೆದೆ. ನನ್ನ ನಾಲ್ಕು ವಿದ್ಯಾರ್ಥಿಗಳನ್ನೂ ನೆನೆದೆ. ಶನಿವಾರ ಮನಸ್ಸು ಕಲ್ಲು ಮಾಡಿಕೊಂಡು, ಕೋಳಿ ವಾಪಸು ತೆಗೆದುಕೊಳ್ಳುವಂತೆ ಕೇಳಲು ಖಾನಾಪುರಕ್ಕೆ ಹೊರಟೆ. ಲೋಂಡಾ ಕಡೆಯ ಪ್ಯಾಸೆಂಜರ್ ರೈಲಿನಲ್ಲಿ ಅವತ್ತು ನನ್ನ ಬಾಜು ಯಾರೂ ಕೂರಲಿಲ್ಲ. ವಯಸ್ಸಿಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡೆ.

ಶೇವಂತಾಬಾಯಿ “ಬರ್ರಿ ಅಕ್ಕೋರ, ಕುಂದರ್ರಿ” ಎಂದು ಚಾಪೆ ಹಾಸಿದಳು. ಹಾಸಿ ಹತ್ತಿರ ಬಂದವಳು ಹಾಗೇ ಹಿಂದೆ ಸರಿದಳು.

“ರಿಟಾಯರ್ ಆದ ಮ್ಯಾಲೂ ಆ ಬಾಟ್ಲಿ ಬಿಟ್ಟಿಲ್ಲೇನ್ರಿ?”

“ಯಾವ ಬಾಟ್ಲಿ?”

“ಅದರೀ, ಮ್ಯಾಲಿನ ಕಪಾಟಿಂದು. ಬೂಚ ತಗದ್ರ ಕಣ್ಣಾಗ ನೀರ ಬರ್ತಿದ್ವಲ್ಲ? ಮೂಸಿ ನೋಡಿ ಹೆಸರ ಹೇಳ್ರಿ ಅಂತ ಹುಡುಗ್ರಿಗೆ ಕೇಳ್ತಿದ್ರಿ. ನಿಮ್ಮ ಸೀರಿ ಅದ ವಾಸನಿ ಹೊಡ್ಯಾಕತ್ತೇತಿ.”

ಸೆರಗನ್ನು ಮೂಗಿಗೆ ಹಿಡಿದೆ. ಅಮೋನಿಯಾ! ಬಣ್ಣವಿಲ್ಲದ, ಉಸಿರುಗಟ್ಟಿಸುವ ವಾಸನೆಯ ಅನಿಲ ಎಂದು ಇಪ್ಪತ್ತೆಂಟು ವರ್ಷ ಹಲಗೆಯ ಮೇಲೆ ಬರೆದವಳು ನಾನು. ಹೆಸರು ಹೇಳದವರಿಗೆ ಅಂಕ ಕಡಿದವಳೂ ನಾನೇ. ನೆಲ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ.

ಅವಳ ಹಿತ್ತಲಿನಲ್ಲಿ ಹದಿನೆಂಟು ಕೋಳಿ. ಗೂಡಿನೊಳಗೆ ತಲೆ ಹಾಕಿದರೆ ಒಣ ಹೊಟ್ಟಿನ ವಾಸನೆ ಬಿಟ್ಟು ಬೇರೇನಿಲ್ಲ. “ಎಷ್ಟ ಸಲ ತೊಳಿತಿ?” ಎಂದು ಕೇಳಿದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಸಾಲದ್ದಕ್ಕೆ ಒಳಗಿದ್ದ ಅತ್ತೆಗೆ ಮರಾಠಿಯಲ್ಲಿ ಕೂಗಿದಳು: “ಅವೋ ಆತ್ಯಾ, ಬಾಯಿ ಕೋಂಬಡ್ಯಾಂಚಂ ಘರ ಧುತಾತ!” ಅಕ್ಕೋರು ಕೋಳಿಮನೆ ತೊಳೆಯುತ್ತಾರಂತೆ! ಒಳಗಿನಿಂದ ಮುದುಕಿಯ ನಗೆಯೂ ಕೇಳಿತು.

“ಕೋಳಿ ಮನಿ ಒಣಾ ಇರಬೇಕ್ರೀ. ಹಿಕ್ಕಿಗೆ ನೀರ ಬಿತ್ತಂದ್ರ ನಾತ ಎದ್ದತೇ ಎದ್ದತು. ಗಿರಣ್ಯಾಗಿಂದ ಭತ್ತದ ಹೊಟ್ಟ ತಂದು ಒಂದ ಗೇಣ ಹಾಸ್ರಿ. ಹಸೀ ಆದಷ್ಟ ತಗದ ಗಿಡದ ಬುಡಕ ಹಾಕ್ರಿ. ಮ್ಯಾಲ ಒಂದ ಮುಟಗಿ ಕಾಳ ಚೆಲ್ಲಿದ್ರ ಅವ ಕೆದರಿ ಕೆದರಿ ಎಲ್ಲಾ ಹೊಳ್ಳಿ ಹಾಕ್ತಾವ. ಗಾಳಿಗೆ ಮಾತ್ರ ಅಡ್ಡ ಕಟ್ಟಬ್ಯಾಡ್ರಿ.” ತಾಡಪತ್ರಿಯ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಕೋಳಿ ವಾಪಸು ಕೊಡುವ ವಿಚಾರ ಬಿಟ್ಟು ಗಿರಣಿಯ ಕಡೆ ನಡೆದೆ. ಎರಡು ಚೀಲ ಹೊಟ್ಟಿನೊಂದಿಗೆ ಮರಳಿದೆ. ರವಿವಾರ ಇಡೀ ದಿನ ಹಸಿ ಹಿಕ್ಕೆಯನ್ನೆಲ್ಲ ಹೆರೆದು, ತಾಡಪತ್ರಿ ಬಿಚ್ಚಿ ಬರೀ ಮೇಲ್ಚಾವಣಿಗೆ ಹೊದಿಸಿ, ನೆಲ ಆರಲು ಬಿಟ್ಟು ಹೊಟ್ಟು ಹಾಸಿದೆ. ಸೋಮವಾರ ಮುಂಜಾನೆ ವೈನಿಯ ಅಡುಗೆಮನೆಯ ಕಿಟಕಿ ತೆರೆದಿತ್ತು. ಅದನ್ನು ನೋಡಿ ಆದ ಸಂತೋಷ ನನಗೆ ನಿವೃತ್ತಿಯ ಶಾಲು ಹೊದಿಸಿದಾಗಲೂ ಆಗಿರಲಿಲ್ಲ.

ಸಂಜೆ ವಚನದ ಬಳಗದವರು ಬಂದರು, ಹಾಡಿದರು, ಉಪ್ಪಿಟ್ಟು ತಿಂದರು, ಕೋಳಿ ನೋಡಬೇಕೆಂದರು. ಗೂಡಿನ ಮುಂದೆ ನಿಂತು ಮೂಗು ಅರಳಿಸಿ, “ಏನ ಸ್ವಚ್ಛ ಇಟ್ಟೀರ್ರೀ! ಹೆಂಗ ಇದು?” ಎಂದರು. ಅಷ್ಟು ಸಾಕಿತ್ತು ನನಗೆ. ತೇವಾಂಶ, ಸೂಕ್ಷ್ಮಜೀವಿ, ಯೂರಿಕ್ ಆಮ್ಲ, ಅಮೋನಿಯಾ ಎಂದು ಪೂರ್ತಿ ಒಂದು ಪೀರಿಯಡ್ ತೆಗೆದುಕೊಂಡೆ. “ಸೈನ್ಸ್ ಕಲಿಸಿದವ್ರ ಮನಿ ಅಂದ್ರ ಹಿಂಗ ನೋಡ್ರಿ,” ಎಂದರು ಒಬ್ಬರು. ನಾನು ವಿನಯದಿಂದ ಕೈ ಮುಗಿದೆ.

ಅವರೆಲ್ಲ ಹೋದ ಮೇಲೆ ಯಜಮಾನರು ಕೇಳಿದರು: “ಶೇವಂತಾನ ಹೆಸರ ಬರಲೇ ಇಲ್ಲಲ್ಲ?”

“ಮರತೆ,” ಎಂದೆ.

ಪಕ್ಕದವರ ಉತ್ತರ ನೋಡಿ ಬರೆದು ಸಿಕ್ಕಿಬಿದ್ದ ಮಕ್ಕಳೂ, ಯಾರದನ್ನು ನೋಡಿ ಬರೆದಿರಿ ಎಂದರೆ, ನನ್ನೆದುರು ಇದೇ ದನಿಯಲ್ಲಿ ಇದನ್ನೇ ಹೇಳುತ್ತಿದ್ದರು. ಅವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಎಲ್ಲರಿಗೂ ಕಾಣುವ ಹಾಗೆ. ಅದಕ್ಕೇ ಇದನ್ನು ಬರೆದೆ. ಉತ್ತರ ಶೇವಂತಾಬಾಯಿಯದು, ಅಕ್ಷರವಷ್ಟೇ ನನ್ನದು. ನಾಲ್ಕು ಕೋಳಿಗಳು ಒಣ ಹೊಟ್ಟಿನಲ್ಲಿ ಬೆಚ್ಚಗೆ ಕುಳಿತಿವೆ, ಅವರ ಅಕ್ಕೋರು ಬೆಂಚಿನ ಮೇಲೆ ನಿಂತಿದ್ದಾರೆ.