ಕೊರಮೀನು ಮತ್ತು ನನ್ನ ಭಾನುವಾರಗಳು

ಮನೆಯವರಿಂದ ಬಚ್ಚಿಟ್ಟ ಹವ್ಯಾಸ ಇದ್ದವರಿಗೆ ಇಂಥ ಫಜೀತಿಗಳು ನಡೆಯುತ್ತಲೇ ಇರುತ್ತವೆ. ನಮ್ಮದು ಬಳ್ಳಾರಿ ಪಾರ್ವತಿನಗರದ ಲಿಂಗ ಕಟ್ಟಿದ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿಲ್ಲ. ನನಗೋ ಚಳಿಗಾಲ ಬಂತೆಂದರೆ ಸಿರುಗುಪ್ಪದ ಹೊಳೆ ದಂಡೆಯಲ್ಲಿ ಗಾಳ ಹಾಕದೆ ಜೀವ ನಿಲ್ಲದು. ತಿನ್ನಲಿಕ್ಕಲ್ಲ, ದಾರ ಜಗ್ಗಿದಾಗ ಎದೆ ಡವಡವ ಎನ್ನುತ್ತದಲ್ಲ, ಅದಕ್ಕೆ. ಸಿಕ್ಕಿದ್ದೆಲ್ಲ ಜೊತೆಗೆ ಬರುವ ಆಫೀಸಿನ ಗೆಳೆಯನಿಗೆ. ಮನೆಯಲ್ಲಿ ಹೇಳಿದ್ದು ಯೋಗ ಶಿಬಿರ. ಗೊತ್ತಾದರೆ ನನ್ನ ಭಾನುವಾರಗಳ ಕಥೆ ಮುಗಿಯಿತು.

ಹಿಟ್ಟು

ಹುಳ ಮುಟ್ಟಲು ಮನಸ್ಸಾಗದೆ ಗಾಳಕ್ಕೆ ಜೋಳದ ಹಿಟ್ಟಿನ ಉಂಡೆ ಸಿಕ್ಕಿಸುತ್ತಿದ್ದೆ. ನನಗೆ ಬೇಕಿದ್ದುದು ಕೊರಮೀನು. ತಲೆ ಥೇಟ್ ಹಾವಿನದು, ಒದ್ದೆ ಚೀಲದಲ್ಲಿ ಗಂಟೆಗಟ್ಟಲೆ ಬದುಕುವ ಗಟ್ಟಿ ಜೀವ. ವಾರಗಟ್ಟಲೆ ಒಂದೂ ಕಚ್ಚಲಿಲ್ಲ. ಗೆಳೆಯನಿಗೆ ರೇಗಿತು.

"ಎರಿಹುಳ ಹಾಕ್ರಿ ಸರ. ರೊಟ್ಟಿ ಉಣ್ಣಾಕ ಅದೇನು ನಿಮ್ಮ ಬೀಗರೇನ್ರಿ?"

ಫೋನು

ಕಣ್ಣು ಮುಚ್ಚಿ ಹುಳ ಸಿಕ್ಕಿಸಿದೆ. ಕಚ್ಚಿತು! ದಾರ ಬೆರಳು ಕೊಯ್ಯುತ್ತಿದೆ, ಕಾಲು ಕೆಸರಲ್ಲಿ ಜಾರುತ್ತಿದೆ, ಅಷ್ಟರಲ್ಲಿ ಹೆಂಡತಿಯ ಫೋನು. ಎತ್ತದಿದ್ದರೆ ಅನುಮಾನ.

"ಯಾಕ್ರಿ ಏದುಸಿರು ಬಿಡಾಕತ್ತೀರಿ?"

"ಪ್ರಾಣಾಯಾಮ."

ಹಿಂದಿನಿಂದ ಗೆಳೆಯ ಚೀರಿದ: "ಬಿಡಬ್ಯಾಡ್ರಿ! ಸತ್ರೂ ಬಿಡಬ್ಯಾಡ್ರಿ!"

"ಗುರುಗಳು ಭಾಳ ಕಡಕ್ ಅದಾರಲ್ರಿ," ಎಂದು ಮೆಚ್ಚಿ ಫೋನು ಇಟ್ಟಳು.

ಚೀಲ

ಆ ಮೀನನ್ನು ಚೀಲಕ್ಕೆ ಹಾಕಿ ಗೆಳೆಯನ ಊರು ಕುರುಗೋಡಿಗೆ ಬಂದೆವು. ಅವನು ಮಸಾಲೆ ತರಲು ಅಂಗಡಿಗೆ ಹೋದ. ಬೈಕಿನ ಮೇಲೆ ನಾನು, ಹ್ಯಾಂಡಲಿಗೆ ಚೀಲ. ಎದುರಿಗೆ ನಮ್ಮ ಅತ್ತೆ! ಅದು ಅವರ ಊರೂ ಹೌದೆಂಬುದು ಮರೆತೇ ಹೋಗಿತ್ತು.

"ಅಳಿಯಂದ್ರ, ನಮ್ಮೂರಿಗೆ ಬಂದು ಹಂಗ ಹೊಂಟೀರಿ?" ಎನ್ನುವಷ್ಟರಲ್ಲಿ ಚೀಲ ಜಿಗಿಯಿತು. "ಏನ್ರಿ ಅದು?"

"ಹಾವ್ರಿ!" ಎಂದುಬಿಟ್ಟೆ. "ದಾರ್ಯಾಗ ಸಿಕ್ತು. ಜನ ಹೊಡದಾರು ಅಂತ ಹಿಡದೀನಿ, ಹೊಳಿಗೆ ಬಿಡಾಕ."

ಹೆದರಿ ಓಡುತ್ತಾರೆ ಅಂದುಕೊಂಡರೆ ಅತ್ತೆ ಚೀಲದ ಬಾಯಿ ತುಸು ಸರಿಸಿ ಇಣುಕಿದರು. ಕಂಡದ್ದು ತಲೆ ಮಾತ್ರ. ಕೈ ಮುಗಿದರು. ಅರಿಶಿನ, ಕುಂಕುಮ ಬಂತು. ಓಣಿಯ ಹೆಂಗಸರೆಲ್ಲ ಕರ್ಪೂರ ಹಿಡಿದು ಬಂದರು. ಮೀನು ಒದ್ದಾಡಿದಂತೆಲ್ಲ "ನಾಗಪ್ಪ ಒಲಿದಾನ!" ಎನ್ನುತ್ತಿದ್ದರು. ಬಾಲ ಹೊರಗೆ ಬಂದರೆ ನಾನು ಹೋದೆ. ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡೆ. ಮಸಾಲೆ ಹಿಡಿದು ಬಂದ ಗೆಳೆಯ ಆರತಿ ನೋಡಿ ಬಂದ ದಾರಿಯಲ್ಲೇ ತಿರುಗಿದ.

ಪೂಜೆ ಮುಗಿಸಿ ಅತ್ತೆ ಹೇಳಿದರು: "ಹೊಳಿಗೆ ಬಿಟ್ಟು ಬರಬೇಕ್ರಿ. ಇನ್ನ ಪ್ರತಿ ಭಾನುವಾರ ಅಲ್ಲೇ ಹೋಗಿ ಹಾಲೆರೀಬೇಕು, ಇಲ್ಲಾಂದ್ರ ದೋಷ. ನನ್ನ ಮಗಳಿಗೆ ನಾ ಹೇಳ್ತೀನಿ."

ಎಂಥ ಅತ್ತೆ! ಇನ್ನು ಸುಳ್ಳು ಬೇಡ, ಶಿಬಿರ ಬೇಡ. ಖುಷಿಯಲ್ಲಿ ಕಾಲಿಗೇ ಬಿದ್ದೆ. "ಒಂದ ವಾರನೂ ತಪ್ಪಸಂಗಿಲ್ರಿ ಅತ್ತಿ!"

ಅತ್ತೆ ಸೆರಗು ಬಿಗಿದು, ಹಾಲಿನ ಚೊಂಬು ಹಿಡಿದು, ಬೈಕಿನ ಹಿಂದೆ ಹತ್ತಿ ಕೂತರು.

"ನಡೀರಿ ಮತ್ತ. ಪ್ರತಿ ವಾರ ನಾನೂ ಬರ್ತೀನಿ."