ಟೆಂಟ್ ಸಿನಿಮಾದ ಸ್ವರ ಹೋದಾಗ

ಐವತ್ತರ ದಶಕದ ಕೊನೆಯಲ್ಲಿ ನಾನು ಊರೂರು ತಿರುಗುವ ಟೆಂಟ್ ಸಿನಿಮಾವೊಂದರಲ್ಲಿ ಆಪರೇಟರ್ ಆಗಿದ್ದೆ. ಪರದೆಯ ಮೇಲೆ ಚಿತ್ರ ಓಡಿಸುವುದು ಕಷ್ಟವಲ್ಲ. ಸ್ವರ ಕೈಕೊಟ್ಟರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತಿತ್ತು.

ಕಾಪುವಿನಲ್ಲಿ

ಅತ್ತೆ ಮನೆಯಿಂದ ಹೊರಗೆ ಹಾಕಿದ ನಾಯಕಿ ಮಗುವನ್ನೆತ್ತಿಕೊಂಡು ಅಳುವ ದೃಶ್ಯ. ಅಷ್ಟರಲ್ಲಿ ಸ್ವರ ನಿಂತಿತು. ಬಂಗುಡೆ ಮೀನಿನ ಹಾಗೆ ಅವಳು ಬಾಯಿ ತೆರೆದು ಮುಚ್ಚುವುದನ್ನು ಕಂಡು ಇಡೀ ಟೆಂಟ್ ಗೊಳ್ಳೆಂದು ನಕ್ಕಿತು. ನಾನು ಸ್ವರದ ಪೆಟ್ಟಿಗೆಯ ಸುಟ್ಟ ವಾಲ್ವ್ ಬದಲಿಸಿದೆ. ಪಿಟೀಲು ಕೇಳಿದ್ದೇ ತಡ, ನಕ್ಕವರೆಲ್ಲ ಮೂಗೊರೆಸಿಕೊಳ್ಳತೊಡಗಿದರು.

ಇಂಟರ್ವಲ್‌ನಲ್ಲಿ ಮೀನು ಮಾರುವ ಹೆಂಗಸೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಎಂತ ಮಾರಾಯ, ಮೊದಲೇ ಸಂಗೀತ ಹಾಕಬಾರದಿತ್ತಾ? ಆ ಪಾಪದ ಹುಡುಗಿಯನ್ನು ನೋಡಿ ನಗಾಡಿಬಿಟ್ಟೆ!"

ಮರುದಿನ ಪುನಃ ಬಂದರು, ಮೊದಲಿನಿಂದ ಸರಿಯಾಗಿ ಅಳಲಿಕ್ಕೆ.

ಉಡುಪಿಯಲ್ಲಿ

ಟೆಂಟಿನ ಪಕ್ಕದಲ್ಲೇ ಮದುವೆ ಮನೆ. ಖಳನಾಯಕ ನಾಯಕಿಯ ಕೈ ಹಿಡಿದು ಎಳೆಯುವಾಗಲೇ ಅಲ್ಲಿಯ ಮೈಕಿನಲ್ಲಿ ಗಟ್ಟಿಮೇಳ ಮೊಳಗಿತು. ನಮ್ಮ ಸ್ವರ ಅದರಲ್ಲಿ ಮುಳುಗಿಹೋಯಿತು. ತಡವಾಗಿ ಬಂದ ಅಜ್ಜರೊಬ್ಬರು ಪರದೆಯತ್ತ ಕೈಯೆತ್ತಿ ಹರಸಿದರು. ನಾಯಕ ಬಂದು ಖಳನಿಗೆ ಬಾರಿಸಿದಾಗ ಅವರಿಗೆ ಸಿಟ್ಟು ಬಂತು.

"ಮದುಮಗನಿಗೇ ಹೊಡೆಯುವುದಾ? ಇದೆಂತ ಮರ್ಯಾದೆ?"

"ಅಜ್ಜ, ಅವನು ಮದುಮಗನಲ್ಲ, ಕಳ್ಳ," ಎಂದೆ.

ಅಜ್ಜ ಉಸಿರು ಬಿಟ್ಟರು. "ಸದ್ಯ, ಉಡುಗೊರೆ ಕೊಡಲಿಲ್ಲ!"

ಕಾರ್ಕಳದಲ್ಲಿ

ಇಲ್ಲಿ ಸ್ವರದ ಪೆಟ್ಟಿಗೆಯೇ ಸುಟ್ಟುಹೋಯಿತು. ಹಿಂದೊಮ್ಮೆ ಬೇರೊಂದು ಊರಿನಲ್ಲಿ ಹೀಗೇ ಆಟ ನಿಂತದ್ದಕ್ಕೆ ಜನ ಟೆಂಟಿನ ಹಗ್ಗವನ್ನೇ ಕೊಯ್ದಿದ್ದರು. ಮ್ಯಾನೇಜರರ ಮುಖ ಬಿಳಿಚಿತು. ಪುಣ್ಯಕ್ಕೆ, ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪಿಟೀಲು ನುಡಿಸುವ ಮಾಸ್ಟ್ರು ಪಿಟೀಲಿನ ಸಮೇತ ಸಿನಿಮಾಕ್ಕೆ ಬಂದಿದ್ದರು. ಮ್ಯಾನೇಜರರು ಅವರ ಕೈ ಹಿಡಿದುಕೊಂಡರು.

"ನಾನು ಈ ಸಿನಿಮಾ ನೋಡಿಯೇ ಇಲ್ಲವಲ್ಲ!" ಎಂದರು ಮಾಸ್ಟ್ರು.

"ನೋಡುತ್ತಾ ನುಡಿಸಿ. ಕತೆ ಇವನು ಹೇಳುತ್ತಾನೆ," ಎಂದು ಮ್ಯಾನೇಜರರು ನನ್ನನ್ನು ತೋರಿಸಿದರು.

ನಾನು ಯಂತ್ರದ ಬಳಿಯಿಂದ ಕೂಗಿ ಕತೆ ಹೇಳಿದೆ, ಅವರು ಪರದೆಯ ಬುಡದಲ್ಲಿ ಕೂತು ನುಡಿಸಿದರು. ಎಲ್ಲ ಸುಸೂತ್ರವಾಗಿತ್ತು. ಆಮೇಲೆ ನಾಯಕನ ಅಪ್ಪ ಎದೆ ಹಿಡಿದುಕೊಂಡು ಮಂಚದ ಮೇಲೆ ಬಿದ್ದ. ನಾನು ಬಾಯಿ ತೆರೆಯುವ ಮೊದಲೇ ಮಾಸ್ಟ್ರು ಹೆಣ ಹೂಳುವಾಗಿನ ರಾಗ ಎತ್ತಿದರು. ಕುರ್ಚಿಯಲ್ಲಿದ್ದ ಕ್ರಿಸ್ತುವರು ಟೊಪ್ಪಿ ತೆಗೆದು ಎದ್ದುನಿಂತರು. ನೆಲದ ಮೇಲೆ ಕೂತಿದ್ದ ಹೆಂಗಸರು ಬಿಕ್ಕತೊಡಗಿದರು.

"ಮಾಸ್ಟ್ರೇ, ಅವನು ಸಾಯಲಿಲ್ಲ! ಮೂರ್ಛೆ ಅಷ್ಟೆ!" ಎಂದು ಕಿರುಚಿದೆ.

ಅಷ್ಟರಲ್ಲಿ ಅಪ್ಪ ಕಣ್ಣು ಬಿಟ್ಟ. ಮಾಸ್ಟ್ರು ಗಾಬರಿಯಲ್ಲಿ ತಮಗೆ ನೆನಪಾದ ಮದುವೆಯ ಕುಣಿತದ ರಾಗಕ್ಕೆ ಹಾರಿದರು. ಅಪ್ಪ ಎದ್ದು ಕೂತ! ಜನ ಶಿಳ್ಳೆ ಹೊಡೆದರು. ಹಗ್ಗ ಕೊಯ್ಯುವುದಿರಲಿ, ಮ್ಯಾನೇಜರರನ್ನೇ ಅಪ್ಪಿಕೊಂಡರು.

ಆಟ ಮುಗಿದ ಮೇಲೆ ಅಜ್ಜಿಯೊಬ್ಬರು ಮಾಸ್ಟ್ರ ಎದುರು ಬಂದು ಕೈಮುಗಿದರು.

"ನಮ್ಮ ಮನೆಯವರು ತಿಂಗಳಿಂದ ಸೊಂಟ ನೋವೆಂದು ಮಲಗಿದ್ದಾರೆ. ಒಮ್ಮೆ ಬಂದು ನುಡಿಸುತ್ತೀರಾ? ಮೊದಲಿನದ್ದು ಬೇಡ ಮಾರಾಯ್ರೆ, ಆ ಎರಡನೆಯದ್ದು!"